ಉಜ್ಜಿನಿ ಒಳಗೆ ನೋಡು, ಪಾಲಿಸಿನೂ ಒಳಗೆ ನೋಡು: ಡಿಎಲ್ ಅಮಾನತು ಆದಾಗ ಇನ್ಶೂರೆನ್ಸ್ ಏನಾಗುತ್ತೆ?

ನಮ್ಮ ಕಡೆ ಒಂದು ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಗೆ ಹೋಗಿ ಮರುಳಸಿದ್ಧೇಶ್ವರ ಗುಡಿಯನ್ನು ನೋಡಿದವರಿಗೆ ಈ ಮಾತಿನ ಅರ್ಥ ಗೊತ್ತು. ಅಲ್ಲಿಯ ಕೆತ್ತನೆ ನೋಡಬೇಕಾದರೆ ಒಳಗೇ ಕಾಲಿಡಬೇಕು. ಇನ್ಶೂರೆನ್ಸ್ ಪಾಲಿಸಿಯೂ ಹಾಗೇನೇ. ಹೊರಗೆ ನೋಡಿದರೆ ಕಂಪನಿ ಹೆಸರು, ಗಾಡಿ ನಂಬರ್, ಕಟ್ಟಿದ ಪ್ರೀಮಿಯಂ, ಮುಗಿಯುವ ದಿನಾಂಕ. ಪೊಲೀಸರು ನಿಲ್ಲಿಸಿದಾಗ ತೋರಿಸೋಕೆ ಇಷ್ಟು ಸಾಕು. ಆದರೆ ಅಪಘಾತ ಆದ ದಿನ ಲೆಕ್ಕಕ್ಕೆ ಬರೋದು ಒಳಗೆ ಸಣ್ಣ ಅಕ್ಷರದಲ್ಲಿರುವ ಒಂದು ವಾಕ್ಯ. ಈ ಪಾಠ ಆ ಒಂದು ವಾಕ್ಯದ ಬಗ್ಗೆ.

ನಮ್ಮಲ್ಲಿ ಬಹಳ ಜನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದವರು. ರಜೆಗೆ ಊರಿಗೆ ಹೋದಾಗ ಮನೆಯ ಬೈಕು, ಕಾರು, ಟ್ರ್ಯಾಕ್ಟರು ನಮ್ಮ ಕೈಗೇ ಬರುತ್ತೆ. ಹಾಗಾಗಿ ಇದು ಲಾ ಕಾಲೇಜಿನವರ ವಿಷಯ ಅಂತ ಪುಟ ತಿರುಗಿಸಬೇಡಿ.

ಮೊದಲು ಆ ವಾಕ್ಯ

ನಮ್ಮ ದೇಶದ ಮೋಟಾರು ಪಾಲಿಸಿಗಳಲ್ಲಿ 'ಡ್ರೈವರ್ಸ್ ಕ್ಲಾಸ್' ಅಂತ ಒಂದು ಷರತ್ತು ಇರುತ್ತೆ. ಅದರ ಸಾರಾಂಶ ಇಷ್ಟು: ವಿಮೆದಾರನೂ ಸೇರಿ ಯಾರು ಬೇಕಾದರೂ ಈ ಗಾಡಿ ಓಡಿಸಬಹುದು, ಆದರೆ ಅಪಘಾತದ ಸಮಯದಲ್ಲಿ ಓಡಿಸುತ್ತಿದ್ದವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಮತ್ತು ಅವರು ಲೈಸೆನ್ಸ್ ಹೊಂದಲು ಅನರ್ಹರಾಗಿರಬಾರದು. ಎಲ್‌ಎಲ್ ಇರುವವರೂ ಓಡಿಸಬಹುದು, ಕೇಂದ್ರ ಮೋಟಾರು ವಾಹನ ನಿಯಮ 3ರ ಷರತ್ತು ಪಾಲಿಸಿದ್ದರೆ ಮಾತ್ರ.

ಇದರಲ್ಲಿ ಎರಡು ಸಂಗತಿ ಗಮನಿಸಿ. ಒಂದು, ನಮ್ಮಲ್ಲಿ ಪಾಲಿಸಿ ಅಂಟಿಕೊಂಡಿರೋದು ಗಾಡಿಗೆ, ಮನುಷ್ಯನಿಗಲ್ಲ. ಅಪ್ಪನ ಹೆಸರಿನ ಕಾರನ್ನು ಮಗಳು ಓಡಿಸಿದರೂ ವಿಮೆ ಇರುತ್ತೆ. ಎರಡು, ಕೇಳೋದು 'ಲೈಸೆನ್ಸ್ ಇದೆಯಾ' ಅಂತ ಅಲ್ಲ, 'ಅಪಘಾತದ ಕ್ಷಣದಲ್ಲಿ ಅದು ಚಾಲ್ತಿಯಲ್ಲಿತ್ತಾ' ಅಂತ. ಪರ್ಸಿನಲ್ಲಿ ಕಾರ್ಡ್ ಇರೋದು ಬೇರೆ, ಕಾರ್ಡಿಗೆ ಜೀವ ಇರೋದು ಬೇರೆ.

ಅಮಾನತು ಅಂದರೆ ಏನು?

1988ರ ಮೋಟಾರು ವಾಹನ ಕಾಯ್ದೆ ಇದಕ್ಕೆ ಮೂರು ದಾರಿ ಇಟ್ಟಿದೆ.

ಕಲಂ 19ರಡಿ ಆರ್‌ಟಿಒ, ಅಂದರೆ ಲೈಸೆನ್ಸ್ ಕೊಟ್ಟ ಪ್ರಾಧಿಕಾರವೇ, ಚಾಲಕನ ಮಾತು ಕೇಳಿ, ಕಾರಣ ಬರೆದು, ನಿಗದಿತ ಅವಧಿಗೆ ಅನರ್ಹಗೊಳಿಸಬಹುದು ಅಥವಾ ಲೈಸೆನ್ಸ್ ರದ್ದು ಮಾಡಬಹುದು. ಕಲಂ 20ರಡಿ ಕೋರ್ಟ್ ಶಿಕ್ಷೆಯ ಜೊತೆಗೆ ಅನರ್ಹತೆಯನ್ನೂ ಹೇರಬಹುದು. ಮೂರನೆಯದು, ಕೆಲವು ತಪ್ಪುಗಳಿಗೆ ಕಾಯ್ದೆಯೇ ಅವಧಿ ಬರೆದಿಟ್ಟಿದೆ. 2019ರ ತಿದ್ದುಪಡಿಯಲ್ಲಿ ಬಂದ ಕಲಂ 194ಡಿ ಪ್ರಕಾರ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದರೆ 1000 ರೂಪಾಯಿ ದಂಡ ಮತ್ತು 3 ತಿಂಗಳ ಅನರ್ಹತೆ. ಕಲಂ 194ಸಿ ಪ್ರಕಾರ ತ್ರಿಬಲ್ ರೈಡಿಂಗಿಗೂ ಅಷ್ಟೇ. ಕರ್ನಾಟಕದಲ್ಲಿ ಸ್ಥಳದಲ್ಲೇ ಕಟ್ಟುವ ದಂಡವನ್ನು ಸರ್ಕಾರ ಕಡಿಮೆ ಮಾಡಿದ್ದರಿಂದ ನಮ್ಮ ತಲೆಯಲ್ಲಿ ಉಳಿದಿರೋದು '500 ಕಟ್ಟಿದರೆ ಮುಗೀತು' ಅನ್ನೋದು ಮಾತ್ರ. ಆದರೆ ದಂಡದ ಮೊತ್ತ ಇಳಿದ ಮಾತ್ರಕ್ಕೆ ಕಾಯ್ದೆಯಲ್ಲಿರುವ 3 ತಿಂಗಳು ಅಳಿಸಿಹೋಗಿಲ್ಲ. 2020ರ ಅಕ್ಟೋಬರ್‌ನಲ್ಲಿ ನಮ್ಮ ಸಾರಿಗೆ ಇಲಾಖೆ ಅದನ್ನು ಜಾರಿಗೆ ತರುವಂತೆ ಸೂಚನೆಯನ್ನೂ ಹೊರಡಿಸಿತ್ತು.

ಇನ್ನು 2015ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಎಲ್ಲ ರಾಜ್ಯಗಳಿಗೂ ಹೇಳಿದ ಪಟ್ಟಿ ಇದೆ: ಅತಿವೇಗ, ಕೆಂಪು ಸಿಗ್ನಲ್ ಜಿಗಿತ, ಓವರ್‌ಲೋಡ್, ಸರಕಿನ ಗಾಡಿಯಲ್ಲಿ ಜನ ತುಂಬುವುದು, ಕುಡಿದು ಓಡಿಸುವುದು, ಓಡಿಸುತ್ತಾ ಮೊಬೈಲಿನಲ್ಲಿ ಮಾತಾಡುವುದು. ಈ ತಪ್ಪುಗಳಿಗೆ ಲೈಸೆನ್ಸನ್ನು ಕನಿಷ್ಠ 3 ತಿಂಗಳು ಅಮಾನತು ಮಾಡಿ ಎಂದು ಆ ಸಮಿತಿ ಸೂಚಿಸಿತು. ಪಟ್ಟಿಯಲ್ಲಿರುವ 'ಸರಕಿನ ಗಾಡಿಯಲ್ಲಿ ಜನ' ಅನ್ನೋದನ್ನು ಇನ್ನೊಮ್ಮೆ ಓದಿ. ಕೊಟ್ಟೂರು ತೇರಿಗೆ, ಮೈಲಾರ ಜಾತ್ರೆಗೆ ನಮ್ಮೂರ ಜನ ಹೋಗೋದು ಯಾವುದರಲ್ಲಿ ಅಂತ ನಿಮಗೇ ಗೊತ್ತು.

ಅಮಾನತಿನ ಪರಿಣಾಮವನ್ನು ಕಲಂ 23 ಹೇಳುತ್ತೆ: ಆದೇಶದಲ್ಲಿ ಹೇಳಿದ ಅವಧಿಗೆ, ಆದೇಶದಲ್ಲಿ ಹೇಳಿದಷ್ಟರ ಮಟ್ಟಿಗೆ, ಲೈಸೆನ್ಸ್ ಚಾಲ್ತಿಯಲ್ಲಿ ಇರುವುದಿಲ್ಲ. ಈಗ ಪಾಲಿಸಿಯ ವಾಕ್ಯದ ಪಕ್ಕ ಇದನ್ನು ಇಡಿ. ಪಾಲಿಸಿ ಕೇಳೋದು ಚಾಲ್ತಿಯಲ್ಲಿರುವ ಲೈಸೆನ್ಸ್. ಕಾಯ್ದೆ ಹೇಳೋದು ಅದು ಚಾಲ್ತಿಯಲ್ಲಿಲ್ಲ ಅಂತ. ಎರಡು ಸಮೀಕರಣ ಕೂಡಿಸಿದರೆ ಉತ್ತರ ತಾನಾಗೇ ಬರುತ್ತೆ.

ಒಂದು ಲೆಕ್ಕ ಬಿಡಿಸೋಣ

ಇದು ಕಲ್ಪಿತ ಉದಾಹರಣೆ, ಅಂಕಿಗಳೂ ಲೆಕ್ಕಕ್ಕೆ ಇಟ್ಟುಕೊಂಡವು.

ಕೊಟ್ಟಿರುವುದು: ಉಜ್ಜಿನಿಯ ಒಂದು ಮನೆ. ಕಾರು ಅಪ್ಪನ ಹೆಸರಲ್ಲಿದೆ, ಬಂಪರ್ ಟು ಬಂಪರ್ ಪಾಲಿಸಿ ಇದೆ. ಅಣ್ಣನ ಡಿಎಲ್ ಮೊಬೈಲ್ ಬಳಕೆಗಾಗಿ 3 ತಿಂಗಳು ಅಮಾನತಾಗಿದೆ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಎರಡನೇ ತಿಂಗಳಲ್ಲಿ ಒಂದು ಸಂಜೆ ಕೊಟ್ಟೂರಿಗೆ ಹೋಗಬೇಕಾಯಿತು. "ಇಲ್ಲೇ ಹೋಗಿ ಬರ್ತೀನಪ್ಪ, ನಮ್ಮೂರ ದಾರ್‍ಯಾಗ ಯಾರು ಹಿಡೀತಾರ" ಅಂದ ಅಣ್ಣ. ಅಪ್ಪ ಕೀ ಕೊಟ್ಟರು. ದಾರಿಯಲ್ಲಿ ಹೊಲದಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರಿಗೆ ಕಾರು ತಗುಲಿತು. ಅವರು ಉಳಿಯಲಿಲ್ಲ. ನ್ಯಾಯಮಂಡಳಿ ನಿಗದಿ ಮಾಡಿದ ಪರಿಹಾರ 12 ಲಕ್ಷ ರೂಪಾಯಿ. ಕಾರಿನ ರಿಪೇರಿ 1.8 ಲಕ್ಷ.

ಕಂಡುಹಿಡಿಯಬೇಕಾದ್ದು: ಯಾರು ಎಷ್ಟು ಕೊಡಬೇಕು?

ಮೊದಲ ಸಾಲು, ಕಾರಿನ ರಿಪೇರಿ. ಇದು ಓನ್ ಡ್ಯಾಮೇಜ್, ಅಂದರೆ ಮಾಲೀಕ ಮತ್ತು ಕಂಪನಿ ನಡುವಿನ ಒಪ್ಪಂದ. ಷರತ್ತು ಮುರಿದದ್ದು ಮಾಲೀಕನ ಕಡೆಯವರೇ. ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಬಂಪರ್ ಟು ಬಂಪರ್ ಅನ್ನೋದು ಸವಕಳಿ ಕಳೆಯದೆ ಕೊಡುವ ಸೌಲಭ್ಯ ಅಷ್ಟೇ. ಮೂಲ ಕ್ಲೇಮೇ ಬಿದ್ದುಹೋದ ಮೇಲೆ ಸವಕಳಿಯ ಮಾತೆಲ್ಲಿ ಬಂತು? 1.8 ಲಕ್ಷ ಮನೆಯಿಂದ.

ಎರಡನೇ ಸಾಲು, ಸತ್ತವರ ಕುಟುಂಬದ ಪರಿಹಾರ. ಇಲ್ಲಿ ಕಥೆ ಬೇರೆ. ಥರ್ಡ್ ಪಾರ್ಟಿ ವಿಮೆ ಇರೋದು ಮಾಲೀಕನಿಗಾಗಿ ಅಲ್ಲ, ರಸ್ತೆಯಲ್ಲಿರುವ ಬೇರೆಯವರಿಗಾಗಿ. ಅದಕ್ಕೇ ಕಲಂ 146 ಅದನ್ನು ಕಡ್ಡಾಯ ಮಾಡಿದೆ. ಕಾಯ್ದೆಯ ಈಗಿನ ಕಲಂ 150 (ತಿದ್ದುಪಡಿಗೆ ಮೊದಲು 149) ಲೈಸೆನ್ಸ್ ಇಲ್ಲದವನು, ಅನರ್ಹಗೊಂಡವನು ಓಡಿಸಿದ್ದ ಎಂಬ ವಾದವನ್ನು ಕಂಪನಿಯ ಕೈಗೆ ಕೊಡುತ್ತೆ. ಆದರೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಸ್ವರಣ್ ಸಿಂಗ್ ಪ್ರಕರಣ ಅಂತ ಹೆಸರಾದ ತೀರ್ಪಿನಲ್ಲಿ, ಎರಡು ಮಾತು ಹೇಳಿತು. ಷರತ್ತನ್ನು ಮುರಿದದ್ದು ಮಾಲೀಕನ ತಪ್ಪಿನಿಂದ ಅಥವಾ ಅಜಾಗರೂಕತೆಯಿಂದ ಅಂತ ಸಾಬೀತು ಮಾಡುವ ಹೊಣೆ ಕಂಪನಿಯದ್ದು. ಸಾಬೀತಾದರೂ, ನ್ಯಾಯಮಂಡಳಿ ಕಂಪನಿಗೆ ಮೊದಲು ಸಂತ್ರಸ್ತರಿಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೋ ಅನ್ನಬಹುದು. ಇದೇ 'ಪೇ ಅಂಡ್ ರಿಕವರ್'.

ನಮ್ಮ ಉದಾಹರಣೆಯಲ್ಲಿ ಅಪ್ಪನಿಗೆ ಅಮಾನತಿನ ವಿಷಯ ಗೊತ್ತಿತ್ತು, ಗೊತ್ತಿದ್ದೇ ಕೀ ಕೊಟ್ಟರು. ಹಾಗಾಗಿ 'ನನಗೆ ತಿಳಿದಿರಲಿಲ್ಲ' ಅನ್ನೋ ದಾರಿ ಮುಚ್ಚಿತು. ಕಂಪನಿ 12 ಲಕ್ಷ ಕೊಟ್ಟರೂ ಅದು ಅಪ್ಪನ ಮೇಲಿನ ಸಾಲವಾಗಿ ಬಡ್ಡಿ ಸಮೇತ ವಾಪಸ್ ಬರುತ್ತೆ.

ಮೂರನೇ ಸಾಲು, ದಂಡ. ಅನರ್ಹತೆಯ ಅವಧಿಯಲ್ಲಿ ಓಡಿಸಿದ ಅಣ್ಣನಿಗೆ ಕಲಂ 182: 10,000 ರೂಪಾಯಿ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಓಡಿಸಲು ಬಿಟ್ಟ ಅಪ್ಪನಿಗೆ ಕಲಂ 180: 5000 ರೂಪಾಯಿ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಸಾವಿಗೆ ಕಾರಣನಾದ ಕ್ರಿಮಿನಲ್ ಕೇಸು ಬೇರೆ.

ಮೊತ್ತ: 12 + 1.8 = 13.8 ಲಕ್ಷ, ಮೇಲೆ ಬಡ್ಡಿ, ದಂಡ, ವಕೀಲರ ಫೀಸು. ಮಳೆ ನಂಬಿದ ಹೊಲ, ಮೆಕ್ಕೆಜೋಳ, ಶೇಂಗಾ ಇರುವ ಮನೆಯಲ್ಲಿ ಇಷ್ಟು ದುಡ್ಡು ಎಲ್ಲಿಂದ ಬರುತ್ತೆ? ಎಕರೆ ಮಾರಿದರೆ ಬರುತ್ತೆ. ಆ ದಿನ ಊರಿನ ಒಬ್ಬ ಡ್ರೈವರಿಗೆ 800 ರೂಪಾಯಿ ಕೊಟ್ಟಿದ್ದರೆ ಪಾಲಿಸಿ ಪೂರ್ತಿ ಜೀವಂತವಾಗಿರುತ್ತಿತ್ತು.

ಇಲ್ಲಿ ಇನ್ನೊಂದು ಮಾತು. ಲೆಕ್ಕದಲ್ಲಿ 'ಥರ್ಡ್ ಪಾರ್ಟಿ' ಅಂತ ಬರೆದೆವು. ನಮ್ಮಂಥ ಊರಲ್ಲಿ ಥರ್ಡ್ ಪಾರ್ಟಿ ಅಂದರೆ ಅಪರಿಚಿತರಲ್ಲ. ನಮ್ಮ ಹೊಲದ ಬದುವಿನವರು, ಸಂತೆಯಲ್ಲಿ ಸಿಗುವವರು, ದೊಡ್ಡಪ್ಪ ಅಂತ ಕರೆದವರು. ಪರಿಹಾರ ತಡವಾದರೆ ತೊಂದರೆಗೆ ಬೀಳೋದು ಅವರ ಮನೆ.

'ನನಗೆ ಗೊತ್ತಿರಲಿಲ್ಲ' ಎಲ್ಲಿಯವರೆಗೆ ನಡೆಯುತ್ತೆ?

ಸಂಬಳದ ಡ್ರೈವರ್ ಇಟ್ಟುಕೊಂಡ ಮಾಲೀಕ ಲೈಸೆನ್ಸ್ ನೋಡಿ, ಓಡಿಸೋಕೆ ಬರುತ್ತಾ ಅಂತ ಪರೀಕ್ಷಿಸಿ ಕೆಲಸಕ್ಕೆ ಸೇರಿಸಿಕೊಂಡಿದ್ದರೆ, ಆಮೇಲೆ ಆ ಲೈಸೆನ್ಸ್ ನಕಲಿ ಅಂತ ಗೊತ್ತಾದರೂ ಕೋರ್ಟುಗಳು ಮಾಲೀಕನ ಪರ ನಿಂತಿವೆ. ಆದರೆ ಒಂದು ಸಲ ನೋಡಿ ಸುಮ್ಮನಾಗೋದು ಸಾಲದು. 2020ರ ಸೆಪ್ಟೆಂಬರ್‌ನ ಒಂದು ತೀರ್ಪಿನಲ್ಲಿ ಡ್ರೈವರ್‌ನ ಲೈಸೆನ್ಸ್ ಮುಗಿದು 3 ವರ್ಷವಾಗಿತ್ತು, ಮಾಲೀಕ ನೋಡಿರಲಿಲ್ಲ. ನವೀಕರಣ ಆಯಿತೇ ಎಂದು ನೋಡುವುದು ಮಾಲೀಕನ ಕರ್ತವ್ಯ ಅಂತ ಹೇಳಿದ ಸುಪ್ರೀಂ ಕೋರ್ಟ್, ಕಂಪನಿಯನ್ನು ಬಿಟ್ಟು ಹೊಣೆಯನ್ನು ಮಾಲೀಕನ ಮೇಲೆ ಹಾಕಿತು. ಅಂದರೆ ಎಲ್ಲ ಸಲವೂ 'ಮೊದಲು ಕಂಪನಿ ಕೊಡಲಿ' ಅಂತ ಆಗೋದಿಲ್ಲ.

ಅಪ್ಪ-ಮಗ, ಅಣ್ಣ-ತಮ್ಮನ ನಡುವೆ 'ಗೊತ್ತಿರಲಿಲ್ಲ' ಅನ್ನೋದನ್ನು ನಂಬಿಸೋದು ಇನ್ನೂ ಕಷ್ಟ. ಹಾಗಾಗಿ ಗೆಳೆಯರೇ, ನಿಮ್ಮ ಡಿಎಲ್ ಅಮಾನತಾದರೆ ಮನೆಯಲ್ಲಿ ಮುಚ್ಚಿಡಬೇಡಿ. ಬೈಸಿಕೊಳ್ಳೋದು ಒಂದು ದಿನದ ಕೆಲಸ. ಹಾಸ್ಟೆಲ್ ಗೆಳೆಯನ ಬೈಕ್ ಕೇಳುವಾಗಲೂ ಇದೇ ಮಾತು: ವಸೂಲಿ ಬರೋದು ಬೈಕಿನ ಮಾಲೀಕರ ಮೇಲೆ. ಬಹಳ ಸಲ ಅವರು ನಾವು ಮುಖವನ್ನೂ ನೋಡಿರದ ಯಾರದೋ ಅಪ್ಪ.

ಕೆಲಸಕ್ಕೆ ಮಾತ್ರ ಓಡಿಸುವ ಲೈಸೆನ್ಸ್ ಇದೆಯಾ?

ಅಮೆರಿಕದ ಹಲವು ರಾಜ್ಯಗಳಲ್ಲಿ ಲೈಸೆನ್ಸ್ ಅಮಾನತಾದವರಿಗೆ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಮಾತ್ರ ಓಡಿಸಲು ಬಿಡುವ ನಿರ್ಬಂಧಿತ ಲೈಸೆನ್ಸ್ ಸಿಗುತ್ತೆ. ಅದರ ಜೊತೆ ಅನೇಕ ಕಡೆ ಎಸ್‌ಆರ್-22 ಎಂಬ ಪ್ರಮಾಣಪತ್ರ ಕೇಳುತ್ತಾರೆ. ಅದು ಬೇರೆ ಇನ್ಶೂರೆನ್ಸ್ ಅಲ್ಲ. 'ಇವರಿಗೆ ಕನಿಷ್ಠ ವಿಮೆ ಇದೆ' ಅಂತ ಕಂಪನಿ ಸರ್ಕಾರಕ್ಕೆ ಕೊಡುವ ಕಾಗದ. ಅಲ್ಲಿ ಪ್ರೀಮಿಯಂ ಓಡಿಸುವವನ ಚರಿತ್ರೆ ನೋಡಿ ಏರುತ್ತೆ. ಎಂಎಸ್ ಮಾಡಲು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಹಾಗಿಲ್ಲ. ಪ್ರೀಮಿಯಂ ನಿರ್ಧಾರ ಆಗೋದು ಗಾಡಿಯ ಸಿಸಿ, ವಯಸ್ಸು, ಐಡಿವಿ, ನೋಂದಣಿಯ ವಲಯ ನೋಡಿ. 150 ಸಿಸಿವರೆಗಿನ ಬೈಕಿಗೆ (75ಕ್ಕಿಂತ ಮೇಲೆ) 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ ವರ್ಷಕ್ಕೆ 714 ರೂಪಾಯಿ. ಓಡಿಸುವವನು ಸಾಧುವೋ ಪುಂಡನೋ ಅಂತ ಕೇಳಲ್ಲ. 2021ರ ಜನವರಿಯಲ್ಲಿ ಐಆರ್‌ಡಿಎಐನ ಒಂದು ಕಾರ್ಯತಂಡ ಸಂಚಾರ ಉಲ್ಲಂಘನೆಯನ್ನು ಪ್ರೀಮಿಯಂಗೆ ಜೋಡಿಸುವ ಸಲಹೆ ಕೊಟ್ಟಿತ್ತು.

ಕೆಲಸಕ್ಕೆ ಮಾತ್ರ ಅನ್ನೋ ಲೈಸೆನ್ಸ್ ಕೂಡ ನಮ್ಮ ಕಾಯ್ದೆಯಲ್ಲಿಲ್ಲ. ಆದರೆ ಹತ್ತಿರದ ಒಂದು ಬಾಗಿಲಿದೆ. ಕಲಂ 19 ಮತ್ತು 20 ಎರಡೂ 'ಎಲ್ಲ ವರ್ಗದ ವಾಹನ ಅಥವಾ ಯಾವುದಾದರೂ ನಿರ್ದಿಷ್ಟ ವರ್ಗದ ವಾಹನ' ಅನ್ನುತ್ತವೆ. ಕಲಂ 23 'ಆದೇಶದಲ್ಲಿ ಹೇಳಿದಷ್ಟರ ಮಟ್ಟಿಗೆ' ಅನ್ನುತ್ತೆ. ಊರಲ್ಲಿ ಗೂಡ್ಸ್ ಗಾಡಿ ಓಡಿಸಿ ಮನೆ ನಡೆಸುವ ಅಣ್ಣ ಬೈಕಿನಲ್ಲಿ ಸಿಕ್ಕಿಬಿದ್ದ ಅನ್ನೋಣ. ಆರ್‌ಟಿಒ ನೋಟಿಸ್ ಬಂದಾಗ ಸುಮ್ಮನೆ ಕೂರದೆ, ಹೋಗಿ, 'ನನ್ನ ಅನ್ನ ಈ ವರ್ಗದ ಗಾಡಿಯಲ್ಲಿದೆ, ಅನರ್ಹತೆಯನ್ನು ಬೈಕಿಗೆ ಸೀಮಿತ ಮಾಡಿ' ಅಂತ ಲಿಖಿತವಾಗಿ ಕೇಳಿಕೊಳ್ಳಬಹುದು. ಅದು ಹಕ್ಕಲ್ಲ, ವಿನಂತಿ. ಆದರೂ ಮಾತು ಕೇಳಿಸುವ ಅವಕಾಶವನ್ನು ಕಾಯ್ದೆ ಕೊಟ್ಟಿರೋದು ಬಳಸಿಕೊಳ್ಳಲೆಂದೇ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದೇಶದಲ್ಲಿ ಉಳಿದ ವರ್ಗಗಳಿಗೆ ಲೈಸೆನ್ಸ್ ಉಳಿದಿದ್ದರೆ ಆ ವರ್ಗಗಳಲ್ಲಿ ವಿಮೆಯ ಷರತ್ತೂ ಉಳಿದಿರುತ್ತೆ.

ಆ ಮೂರು ತಿಂಗಳು ಏನು ಮಾಡಬೇಕು?

ಒಂದು, ಪಾಲಿಸಿ ನಿಲ್ಲಿಸಬೇಡಿ. 'ಹೆಂಗೂ ಓಡಿಸಲ್ಲ, ಯಾಕೆ ಕಟ್ಟಬೇಕು' ಅನ್ನೋದು ತಪ್ಪು ಲೆಕ್ಕ. ಅಮಾನತಾದದ್ದು ನಿಮ್ಮ ಡಿಎಲ್, ಗಾಡಿಯ ವಿಮೆಯಲ್ಲ. ನಿಂತ ಗಾಡಿ ಕಳವಾದರೆ, ಬೆಂಕಿ ತಗುಲಿದರೆ ಪ್ಯಾಕೇಜ್ ಪಾಲಿಸಿ ಬೇಕೇ ಬೇಕು. ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ನೋ ಕ್ಲೇಮ್ ಬೋನಸ್ ಹೋಗುತ್ತೆ. 5 ವರ್ಷ ಕ್ಲೇಮ್ ಇಲ್ಲದೆ 50 ಶೇಕಡಾ ತಲುಪಿದ್ದರೆ ಮತ್ತೆ ಸೊನ್ನೆಯಿಂದ ಶುರು. ವಿಮೆ ಇಲ್ಲದೆ ರಸ್ತೆಗೆ ಇಳಿದರೆ ಕಲಂ 196ರ ದಂಡ ಮೊದಲ ಸಲ 2000, ಮುಂದೆ 4000.

ಎರಡು, ಲೈಸೆನ್ಸ್ ಇರುವ ಬೇರೆಯವರಿಂದ ಓಡಿಸಿ. ಕೀ ಕೊಡುವ ಮುಂಚೆ ಅವರ ಡಿಎಲ್ ಚಾಲ್ತಿಯಲ್ಲಿದೆಯಾ ಅಂತ ಸಾರಥಿ ಪೋರ್ಟಲ್ಲಿನಲ್ಲಿ ನೋಡಿ. ಖಾಯಂ ಡ್ರೈವರ್ ಇಟ್ಟುಕೊಂಡರೆ ಪಾಲಿಸಿಯಲ್ಲಿ ಸಂಬಳದ ಡ್ರೈವರಿನ ಹೊಣೆಗಾರಿಕೆಯ ಸಾಲು ಇದೆಯೇ ನೋಡಿ. ಅದಕ್ಕೆ ಪ್ರೀಮಿಯಂ ಸಾಮಾನ್ಯವಾಗಿ 50 ರೂಪಾಯಿ.

ಮೂರು, ವೈಯಕ್ತಿಕ ಅಪಘಾತ ವಿಮೆ ನೋಡಿ. ಮಾಲೀಕ-ಚಾಲಕರಿಗೆ ಇರುವ 15 ಲಕ್ಷದ ಕಡ್ಡಾಯ ರಕ್ಷಣೆಗೆ ಮಾಲೀಕರ ಹತ್ತಿರ ಚಾಲ್ತಿಯ ಲೈಸೆನ್ಸ್ ಇರಲೇಬೇಕು. ಅಮಾನತಿನ ಅವಧಿಯಲ್ಲಿ ತಾನೇ ಓಡಿಸಿ ಸತ್ತರೆ ಮನೆಯವರಿಗೆ ಆ 15 ಲಕ್ಷ ಸಿಗುವುದು ಕಷ್ಟ. ಇನ್ನೊಂದು ಗಮನಿಸಿ: ಅದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ. ಅಪ್ಪನ ಹೆಸರಿನ ಬೈಕನ್ನು ನಾವು ಓಡಿಸುವಾಗ ಆ ರಕ್ಷಣೆ ನಮಗಿಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂದೆ ಕೂತ ಗೆಳೆಯನಿಗೂ ಇಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಹೀಗೆಂದೇ ಹೇಳಿದೆ.

ನಾಲ್ಕು, ಅವಧಿ ಮುಗಿದ ದಿನವೇ ಗಾಡಿ ತೆಗೆಯಬೇಡಿ. 2019ರ ತಿದ್ದುಪಡಿ ಪ್ರಕಾರ ಕಲಂ 19ರಡಿ ಒಪ್ಪಿಸಿದ ಲೈಸೆನ್ಸ್ ವಾಪಸ್ ಸಿಗಲು ಚಾಲಕರ ಪುನಶ್ಚೇತನ ತರಬೇತಿ ಮುಗಿಸಬೇಕು. ಕಾರ್ಡ್ ಕೈಗೆ ಬಂತೇ, ಪೋರ್ಟಲ್ಲಿನಲ್ಲಿ ಚಾಲ್ತಿ ಅಂತ ತೋರಿಸುತ್ತಿದೆಯೇ ನೋಡಿಯೇ ಕೀ ಹಿಡಿಯಿರಿ.

ಐದು, ಅಪಘಾತ ಆಗಿಬಿಟ್ಟರೆ 'ನಾನು ಓಡಿಸ್ತಿದ್ದೆ ಅಂತ ತಮ್ಮ ಹೇಳಲಿ' ಅನ್ನೋ ಸಲಹೆ ಊರಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ. ಎಫ್‌ಐಆರ್, ಆಸ್ಪತ್ರೆಯ ದಾಖಲೆ, ಮೊಬೈಲ್ ಲೊಕೇಶನ್, ಸಾಕ್ಷಿಗಳ ಮಾತು ಎಲ್ಲವನ್ನೂ ಕಂಪನಿಯ ತನಿಖೆಯವರು ಜೋಡಿಸಿ ನೋಡುತ್ತಾರೆ. ಸುಳ್ಳು ಬಿದ್ದರೆ ಒಬ್ಬನ ತೊಂದರೆ ಇಬ್ಬರದಾಗುತ್ತೆ.

ಹೋಮ್‌ವರ್ಕ್

ಈ ಪಾಠಕ್ಕೆ ಪರೀಕ್ಷೆಯಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಪ್ರತಿ ಗಾಡಿಯ ಪಾಲಿಸಿ ತೆಗೆದು ನಾಲ್ಕು ಸಾಲು ಬರೆದುಕೊಳ್ಳಿ: ಮುಗಿಯುವ ದಿನಾಂಕ, ಥರ್ಡ್ ಪಾರ್ಟಿ ಮಾತ್ರವೋ ಪ್ಯಾಕೇಜೋ, ವೈಯಕ್ತಿಕ ಅಪಘಾತ ವಿಮೆ ಇದೆಯೋ ಇಲ್ಲವೋ, ಆ ಗಾಡಿ ಓಡಿಸುವ ಪ್ರತಿಯೊಬ್ಬರ ಡಿಎಲ್ ಯಾವ ವರ್ಗಕ್ಕೆ ಎಲ್ಲಿಯವರೆಗೆ ಚಾಲ್ತಿ. ಆ ಚೀಟಿಯನ್ನು ಕೀ ನೇತುಹಾಕುವ ಮೊಳೆಯ ಪಕ್ಕ ಅಂಟಿಸಿ. ಅಪ್ಪ, ಅಮ್ಮ, ಅಣ್ಣ, ತಂಗಿ ಎಲ್ಲರೂ ದಿನಾ ನೋಡುವ ಜಾಗ ಅದೇ. ಹತ್ತು ನಿಮಿಷದ ಕೆಲಸ. ಕೀ ಕೇಳುವವರಿಗೂ ಕೊಡುವವರಿಗೂ ಆಗ ಉತ್ತರ ಎದುರಿಗೇ ಇರುತ್ತೆ.